ರಾಕೆಟ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು? ಮಿಡ್-ಪವರ್ ಮಾಡೆಲ್ ರಾಕೆಟ್ ದೋಷ ನಿವಾರಣೆ ಕೈಪಿಡಿ

ಮಾಡೆಲ್ ರಾಕೆಟ್ ಹಾರದಿದ್ದರೆ ಎಲ್ಲರೂ ಮೊದಲು ಬೈಯುವುದು ಮೋಟಾರನ್ನು. "ಮೋಟಾರೇ ಖರಾಬ್ ಬಂದದ ಬಿಡ್ರಿ" ಅಂತ ತೀರ್ಪು ಕೊಟ್ಟು ಪೆಟ್ಟಿಗೆ ಮುಚ್ಚುತ್ತಾರೆ. ಆದರೆ ಕಾರ್ಖಾನೆಯಿಂದ ಬಂದ ಮೋಟಾರ್ ಅನುಮಾನದ ಪಟ್ಟಿಯಲ್ಲಿ ಕೊನೆಗೆ ಬರಬೇಕು. ಮಸಿ ಹಿಡಿದ ಕ್ಲಿಪ್, ತೆಳು ವೈರ್, ರಾಕೆಟ್ ಜಾರಿ ಏರುವ ತುಕ್ಕು ಹಿಡಿದ ರಾಡ್, ಬಿಗಿಯಾದ ನೋಸ್ ಕೋನ್ (ಮೂತಿ): ಕಾಟ ಕೊಡುವುದು ಜಾಸ್ತಿ ಇಂಥವೇ. ಒಂದು ತುಂಡು ಸ್ಯಾಂಡ್ ಪೇಪರ್‌ನಲ್ಲಿ ಸರಿಹೋಗುವಂಥವು. ಇನ್ನೊಂದು ವಿಷಯ, ಮೋಟಾರ್ ಮೇಲೆ ಅನುಮಾನ ಗಟ್ಟಿಯಾದರೂ ಅದನ್ನು ಬಿಚ್ಚಿ ನೋಡುವ ಹಾಗಿಲ್ಲ. ಇಡೀ ರಾಕೆಟ್‌ನಲ್ಲಿ ನಾವು ರಿಪೇರಿಗೆ ಕೈ ಹಾಕಬಾರದ ಭಾಗ ಅದೊಂದೇ.

ಇಲ್ಲಿ ಹೇಳುತ್ತಿರುವುದು ಮಿಡ್-ಪವರ್, ಅಂದರೆ ಇ, ಎಫ್, ಜಿ ವರ್ಗದ ಮೋಟಾರ್ ಹಾಕುವ ರಾಕೆಟ್‌ಗಳ ಬಗ್ಗೆ. ಮೋಟಾರ್ ಕೊಡುವ ಒಟ್ಟು ತಳ್ಳನ್ನು ನ್ಯೂಟನ್-ಸೆಕೆಂಡ್‌ನಲ್ಲಿ ಅಳೆಯುತ್ತಾರೆ: ಇ ಅಂದರೆ 20ರಿಂದ 40, ಎಫ್ 40ರಿಂದ 80, ಜಿ 80ರಿಂದ 160. ಒಂದೊಂದು ಅಕ್ಷರ ಮೇಲೆ ಹೋದಂತೆ ಶಕ್ತಿ ದುಪ್ಪಟ್ಟು. ಮೋಟಾರ್ ಮೇಲೆ ಎಫ್15-4 ಅಂತ ಬರೆದಿದ್ದರೆ, 15 ಎನ್ನುವುದು ಸರಾಸರಿ ತಳ್ಳು ಬಲ, ನ್ಯೂಟನ್‌ಗಳಲ್ಲಿ. 4 ಎನ್ನುವುದು ಉರಿ ಮುಗಿದ ಮೇಲೆ ಪ್ಯಾರಾಚೂಟ್ ಹೊರದಬ್ಬುವ ಮದ್ದು ಹೊತ್ತಿಕೊಳ್ಳಲು ಹಿಡಿಯುವ ಸೆಕೆಂಡ್. ಈ ಮೂರು ಸಂಗತಿ ತಲೆಯಲ್ಲಿದ್ದರೆ ಕೆಳಗಿನದ್ದೆಲ್ಲ ಸಲೀಸು.

ಶುರು ಮಾಡುವ ಮುಂಚೆ

ಮನೆಯಲ್ಲಿ ಮಾಡುವುದು ಕೊಳವೆ, ಫಿನ್ (ಬಾಲದ ರೆಕ್ಕೆ), ನೋಸ್ ಕೋನ್, ಪ್ಯಾರಾಚೂಟ್, ಲಾಂಚರ್ (ಬ್ಯಾಟರಿ, ಗುಂಡಿ ಇರುವ ಪೆಟ್ಟಿಗೆ). ಮೋಟಾರ್ ಮತ್ತು ಅದನ್ನು ಹೊತ್ತಿಸುವ ಇಗ್ನೈಟರ್ ಮಾತ್ರ ಕಾರ್ಖಾನೆಯದ್ದೇ ಆಗಬೇಕು, ಪರವಾನಗಿ ಇರುವವರ ಮೂಲಕವೇ ಬರಬೇಕು. ನಮ್ಮಲ್ಲಿ ಇಂಥ ಮದ್ದು 1884ರ ಸ್ಫೋಟಕ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳ ಕೆಳಗೆ ಬರುತ್ತದೆ. ದೀಪಾವಳಿ ಪಟಾಕಿ ಬಿಚ್ಚಿ ಮದ್ದು ತುಂಬುವ ಯೋಚನೆ ಇದ್ದವರು ಇಲ್ಲಿಗೇ ನಿಲ್ಲಿಸಿ. ಅದು ಹವ್ಯಾಸ ಅಲ್ಲ, ಬೆರಳು ಕಳೆದುಕೊಳ್ಳುವ ದಾರಿ. ಮೋಟಾರನ್ನು ರೈಲಿನಲ್ಲಿ, ಬಸ್ಸಿನಲ್ಲಿ ಚೀಲದೊಳಗೆ ಹಾಕಿಕೊಂಡು ಬರುವುದೂ ಬೇಡ.

ಇನ್ನು ಜಾಗದ ವಿಷಯ, ನಮ್ಮ ಕಲಬುರಗಿ-ಬೀದರ್ ಕಡೆಯದ್ದು. ಬೀದರ್‌ನಲ್ಲಿ ವಾಯುಪಡೆ ನಿಲ್ದಾಣ ಇದೆ, ಹಾಕ್ ತರಬೇತಿ ವಿಮಾನಗಳು ಹಾರಾಡುತ್ತವೆ. ಆ ಊರಿನ ಸುತ್ತ ರಾಕೆಟ್ ಬೇಡವೇ ಬೇಡ. ಕಲಬುರಗಿಯಲ್ಲಿ ಸೇಡಂ ರಸ್ತೆಯ ಕಡೆ, ಶ್ರೀನಿವಾಸ ಸರಡಗಿ ಹತ್ತಿರ 2019ರಲ್ಲಿ ಶುರುವಾದ ವಿಮಾನ ನಿಲ್ದಾಣ ಇದೆ. ಆ ದಿಕ್ಕೂ ಬಿಡಿ. ಬೇರೆ ಎಲ್ಲೇ ಆದರೂ ಜಿಲ್ಲಾಡಳಿತ ಮತ್ತು ಪೊಲೀಸರ ಒಪ್ಪಿಗೆ ಬೇಕು, ಹೊಲದ ಮಾಲೀಕರ ಒಪ್ಪಿಗೆ ಅದಕ್ಕಿಂತ ಮೊದಲು ಬೇಕು. "ಕಾಕಾ, ತೊಗರಿ ಕಟಾವು ಮುಗಿದ ಮ್ಯಾಲ ಬರ್ತೀವ್ರಿ" ಅಂತ ಮುಂಚೆನೇ ಕೇಳಿಟ್ಟುಕೊಂಡರೆ ಅವರೇ ನೀರಿನ ಕೊಡ ತಂದಿಡುತ್ತಾರೆ.

ಅಳತೆಗಳಿಗೆ ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಸುರಕ್ಷತಾ ನಿಯಮವನ್ನೇ ನಾನು ಹಿಡಿಯುತ್ತೇನೆ. ಈ ವರ್ಗದ ಮೋಟಾರ್‌ಗೆ ಎಲ್ಲರೂ ಕನಿಷ್ಠ 9 ಮೀಟರ್ ದೂರ, ಬಯಲು ಕನಿಷ್ಠ 300 ಮೀಟರ್ ಅಗಲ, ಗಾಳಿ ಗಂಟೆಗೆ 32 ಕಿಲೋಮೀಟರ್‌ಗಿಂತ ಕಡಿಮೆ, ರಾಡ್ ನೆಟ್ಟಗಿನಿಂದ 30 ಡಿಗ್ರಿಗಿಂತ ಜಾಸ್ತಿ ವಾಲಬಾರದು, ರಾಕೆಟ್ ತೂಕ 1500 ಗ್ರಾಂ ಮೀರಬಾರದು.

ಕೊನೆಯದಾಗಿ, ಏನೇ ಕೆಟ್ಟರೂ ಮೊದಲು ಒರೆಸಬೇಡಿ, ತೊಳೆಯಬೇಡಿ. ಮಸಿ ಎಲ್ಲಿ ಹತ್ತಿದೆ, ಏನು ಸುಟ್ಟಿದೆ, ಏನು ಹೊಸದಾಗಿಯೇ ಉಳಿದಿದೆ ಎಂಬುದೇ ಉತ್ತರ. ಮೊಬೈಲ್‌ನಲ್ಲಿ ಎರಡು ಫೋಟೊ ತೆಗೆದು ಆಮೇಲೆ ಕೈ ಹಾಕಿ.

ಗುಂಡಿ ಒತ್ತಿದರೂ ಏನೂ ಆಗಲಿಲ್ಲ

ಲಾಂಚರ್‌ನ ಸೇಫ್ಟಿ ಕೀ (ಇದಿಲ್ಲದೆ ಗುಂಡಿ ಕೆಲಸ ಮಾಡದು) ಹೊರಗೆಳೆದು ಜೇಬಿಗೆ ಹಾಕಿ. ಗಡಿಯಾರ ನೋಡಿ 60 ಸೆಕೆಂಡ್ ಕಾಯಿರಿ. ಆ ಒಂದು ನಿಮಿಷದಲ್ಲೇ ಯಾರಾದರೂ ಹುಡುಗ ಪ್ಯಾಡ್ (ರಾಕೆಟ್ ನಿಲ್ಲಿಸಿದ ತಳ) ಕಡೆ ಓಡುತ್ತಾನೆ. "ಏ ತಮ್ಮಾ, ಅಲ್ಲೇ ನಿಂದರು" ಅನ್ನಲು ಒಬ್ಬರು ಮೀಸಲಾಗಿರಲಿ. ನಿಮಿಷ ಕಳೆದ ಮೇಲೂ ಹೋಗುವವರು ಒಬ್ಬರೇ, ಬದಿಯಿಂದ, ರಾಕೆಟ್ ಮೇಲೆ ಬಗ್ಗದೆ.

ಮೊದಲ ಕೆಲಸ, ಕ್ಲಿಪ್ ಬಿಚ್ಚಿ ಇಗ್ನೈಟರ್ ಹೊರಗೆ ತೆಗೆದು ಅದರ ತುದಿ ನೋಡುವುದು. ಬೆಂಕಿಕಡ್ಡಿ ತಲೆಗಿಂತ ಚಿಕ್ಕದಾದ ಆ ತುದಿ ಅರ್ಧ ಕತೆ ಹೇಳುತ್ತದೆ. ಬಣ್ಣ ಮಾಸದೆ, ನುಣುಪಾಗಿ, ಬಂದ ಹಾಗೇ ಇದ್ದರೆ ಕರೆಂಟ್ ಅಲ್ಲಿಯವರೆಗೆ ಬಂದೇ ಇಲ್ಲ, ಅಥವಾ ಸಾಕಾಗಿಲ್ಲ. ಕಪ್ಪಗೆ ಸುಟ್ಟು, ಒಳಗಿನ ತಂತಿ ಕಾಣುತ್ತಿದ್ದರೆ ಕರೆಂಟ್ ಬಂದಿದೆ, ಬೆಂಕಿಯೂ ಹತ್ತಿದೆ, ಮೋಟಾರ್‌ಗೆ ಮಾತ್ರ ದಾಟಿಲ್ಲ. ಅದಕ್ಕೆ ಮುಂದಿನ ಭಾಗ ನೋಡಿ. ತುದಿಯ ಲೇಪ ಒಡೆದು ಉದುರಿದ್ದರೆ ಅದು ತುರುಕುವಾಗ ಮುರಿದದ್ದು. ಹೊಸದು ಹಾಕಿ.

ತುದಿ ಹೊಸದಾಗಿಯೇ ಇದೆ ಅಂದುಕೊಳ್ಳೋಣ. ದುಡ್ಡಿಲ್ಲದ ಪರೀಕ್ಷೆ ಮೊದಲು. ಕೀ ಪೂರ್ತಿ ಒಳಗೆ ಕೂತಿತ್ತಾ? ಬ್ಯಾಟರಿ ಟರ್ಮಿನಲ್ ಸಡಿಲ ಇದೆಯಾ? ಕ್ರೊಕೊಡೈಲ್ ಕ್ಲಿಪ್‌ಗಳ ಹಲ್ಲು ನೋಡಿ. ಎರಡು ಹಾರಾಟ ಕಂಡ ಕ್ಲಿಪ್ ಮೇಲೆ ಬಿಳಿ-ಕಪ್ಪು ಪದರ ಕಟ್ಟಿರುತ್ತದೆ, ಅದು ಕರೆಂಟ್ ಬಿಡುವುದಿಲ್ಲ. ಸ್ಯಾಂಡ್ ಪೇಪರ್‌ನಿಂದ ಲೋಹ ಹೊಳೆಯುವ ತನಕ ಉಜ್ಜಿ. ಎರಡು ಕ್ಲಿಪ್ ಒಂದಕ್ಕೊಂದು ತಾಗುತ್ತಿವೆಯಾ, ಅಥವಾ ಎರಡೂ ಕೆಳಗಿನ ತಗಡಿಗೆ ತಾಗುತ್ತಿವೆಯಾ ಅದನ್ನೂ ನೋಡಿ. ತಾಗಿದ್ದರೆ ಕರೆಂಟ್ ಅಡ್ಡದಾರಿ ಹಿಡಿದು ವಾಪಸ್ ಹೋಗಿದೆ, ಇಗ್ನೈಟರ್‌ಗೆ ಏನೂ ಸಿಕ್ಕಿಲ್ಲ. ಒಂದು ಕ್ಲಿಪ್‌ನ ಹಿಂಭಾಗಕ್ಕೆ ಟೇಪ್ ಸುತ್ತಿದರೆ ಮುಗಿಯಿತು.

ಇಷ್ಟಕ್ಕೂ ಬಗ್ಗದಿದ್ದರೆ ಬಲ್ಬ್ ಪರೀಕ್ಷೆ. ರಾಕೆಟ್ ಪಕ್ಕಕ್ಕಿಟ್ಟು, ಇಗ್ನೈಟರ್ ಇರಬೇಕಾದ ಜಾಗದಲ್ಲಿ ಬೈಕಿನ 12 ವೋಲ್ಟ್ ಹೆಡ್‌ಲೈಟ್ ಬಲ್ಬ್ ಸಿಕ್ಕಿಸಿ ಗುಂಡಿ ಒತ್ತಿ. ಜೋರಾಗಿ ಬೆಳಗಿದರೆ ಬ್ಯಾಟರಿ, ವೈರ್, ಗುಂಡಿ ಎಲ್ಲಾ ಸರಿ. ಮಂಕಾಗಿ ಉರಿದರೆ ದಾರಿಯಲ್ಲಿ ವೋಲ್ಟೇಜ್ ಸೋರುತ್ತಿದೆ. ಉರಿಯದಿದ್ದರೆ ಎಲ್ಲೋ ತುಂಡಾಗಿದೆ.

ಮಂಕು ಬೆಳಕಿಗೆ ಕಾರಣ ಸಾಮಾನ್ಯವಾಗಿ ಎರಡೇ. ಒಂದು ಬ್ಯಾಟರಿ. ಮಲ್ಟಿಮೀಟರ್ ಸುಮ್ನೆ ಇಟ್ಟರೆ 12.6 ತೋರಿಸಬಹುದು, ಅದನ್ನು ನಂಬಬೇಡಿ. ಬಲ್ಬ್ ಉರಿಯುತ್ತಿರುವಾಗ ಅಳೆಯಿರಿ. ಆಗ 11ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸುಸ್ತಾಗಿದೆ. 9 ವೋಲ್ಟಿನ ಚಿಕ್ಕ ಚೌಕ ಬ್ಯಾಟರಿ ಬಳಸುವವರ ಗೋಳೂ ಇದೇ, ಅದಕ್ಕೆ ಇಷ್ಟು ಕರೆಂಟ್ ಕೊಡುವ ತಾಕತ್ತಿಲ್ಲ.

ಇನ್ನೊಂದು ವೈರ್. ಇಲ್ಲಿ ಒಂದು ಲೆಕ್ಕ ಹಾಕೋಣ. ಲಾಂಚರ್‌ನಿಂದ ಪ್ಯಾಡ್‌ಗೆ 10 ಮೀಟರ್ ಅಂದರೆ ಹೋಗಿ ಬರಲು 20 ಮೀಟರ್ ತಾಮ್ರ. 0.5 ಚದರ ಮಿಲಿಮೀಟರ್‌ನ ತೆಳು ವೈರ್ ಆದರೆ ಅದರ ರೋಧ ಸುಮಾರು 0.7 ಓಮ್. ಇಗ್ನೈಟರ್ ತಾನೇ 1 ಓಮ್ ಅಂತಿಟ್ಟುಕೊಂಡರೆ 12 ವೋಲ್ಟಿಗೆ ಸಿಗುವುದು 7 ಆಂಪಿಯರ್. ಮನೆ ವೈರಿಂಗ್‌ಗೆ ಹಾಕುವ "ಒಂದೂವರೆ ಎಂಎಂ" ವೈರ್ (1.5 ಚದರ ಮಿಲಿಮೀಟರ್) ಹಾಕಿದರೆ ರೋಧ 0.23ಕ್ಕೆ ಇಳಿದು ಕರೆಂಟ್ ಸುಮಾರು 9.8ಕ್ಕೆ ಏರುತ್ತದೆ. ಬ್ಯಾಟರಿ ಬದಲಿಸುವ ಮುಂಚೆ ವೈರ್ ಬದಲಿಸಿ, ಅಗ್ಗ.

ಎರಡು ಎಚ್ಚರಿಕೆ. ಮೋಟಾರ್ ಒಳಗೆ ಇರುವ ಇಗ್ನೈಟರ್‌ಗೆ ಮಲ್ಟಿಮೀಟರ್ ಹಚ್ಚಬೇಡಿ. ಲಾಂಚರ್‌ನಲ್ಲಿ "ಸರ್ಕ್ಯೂಟ್ ಕೂಡಿದೆ" ಅಂತ ತೋರಿಸುವ ದೀಪ ಚಿಕ್ಕ ಎಲ್‌ಇಡಿ ಆಗಿರಲಿ. ತಂತಿ ಬಲ್ಬ್ ಹಾಕಿದರೆ ಅದರ ಮೂಲಕ ಹರಿಯುವ ಕರೆಂಟೇ ಸೂಕ್ಷ್ಮ ಇಗ್ನೈಟರನ್ನು ಹೊತ್ತಿಸಿಬಿಡಬಹುದು, ಆಗ ಕೀ ಹಾಕಿದ ತಕ್ಷಣ ರಾಕೆಟ್ ಮೇಲೆ.

ಪಟ್ ಅಂತ ಸದ್ದಾಯಿತು, ಹೊಗೆ ಬಂತು, ರಾಕೆಟ್ ಅಲ್ಲೇ ನಿಂತಿದೆ

ಮತ್ತೆ ಕೀ ಹೊರಗೆ, ಮತ್ತೆ 60 ಸೆಕೆಂಡ್. ಹೊಗೆ ಇನ್ನೂ ಬರುತ್ತಿದ್ದರೆ ಪೂರ್ತಿ ನಿಲ್ಲುವ ತನಕ ಕಾಯಿರಿ.

ಕಾರಣ ಬಹುಪಾಲು ಒಂದೇ, ಇಗ್ನೈಟರ್ ಕೂರಬೇಕಾದಲ್ಲಿ ಕೂತಿರಲಿಲ್ಲ. ಕಪ್ಪು ಮದ್ದಿನ ಮೋಟಾರ್‌ನಲ್ಲಿ ತುದಿ ಮದ್ದಿಗೆ ತಾಗಿರಬೇಕು. ಕಾಂಪೊಸಿಟ್ ಮೋಟಾರ್‌ನಲ್ಲಿ (ರಬ್ಬರಿನಂಥ ಮದ್ದಿನದ್ದು) ನಡುವೆ ಉದ್ದ ರಂಧ್ರ ಇರುತ್ತದೆ, ಅದರ ಕೊನೆಯ ತನಕ, ಅಂದರೆ ಮೇಲ್ತುದಿಯವರೆಗೆ, ತೂರಿಸಬೇಕು. ಬೆಂಕಿ ಹೊರಬರುವ ನಾಜಲ್ ಬಾಯಲ್ಲಿ ಸುಮ್ನೆ ಸಿಕ್ಕಿಸಿದರೆ ಬೆಂಕಿ ಹೊರಗೇ ಉರಿದು ಹೋಗುತ್ತದೆ. ಮೊದಲೇ ಮೋಟಾರ್ ಪಕ್ಕ ಇಗ್ನೈಟರ್ ಹಿಡಿದು ಎಷ್ಟು ಉದ್ದ ಒಳಗೆ ಹೋಗಬೇಕು ಅಂತ ವೈರ್ ಮೇಲೆ ಪೆನ್ನಿನಿಂದ ಗುರುತು ಹಾಕಿ. ಎಷ್ಟೋ ಸಲ ಸರಿಯಾಗಿ ಕೂರಿಸಿದ್ದು ಕ್ಲಿಪ್‌ಗಳ ಭಾರಕ್ಕೇ ಜಗ್ಗಿ ಕೆಳಗಿಳಿದಿರುತ್ತದೆ. ವೈರನ್ನು ಪ್ಯಾಡ್‌ಗೆ ಟೇಪ್ ಹಾಕಿ ಕಟ್ಟಿ, ಭಾರ ಇಗ್ನೈಟರ್ ಮೇಲೆ ಬೀಳದಿರಲಿ.

ಕಾಂಪೊಸಿಟ್ ಮೋಟಾರ್ ಒಮ್ಮೊಮ್ಮೆ "ಫುಸ್, ಫುಸ್" ಅಂತ ಬಿಟ್ಟು ಬಿಟ್ಟು ಉಸಿರು ಬಿಟ್ಟು ಆಮೇಲೆ ಏರುತ್ತದೆ. ಇಗ್ನೈಟರ್ ಮೇಲಿನ ತನಕ ಹೋಗಿಲ್ಲ ಅಂತ ಅರ್ಥ. ಹೀಗೆ ಉಸಿರು ಬಿಡುತ್ತಿರುವಾಗ ಯಾರೂ ಹತ್ತಿರ ಹೋಗಬಾರದು, ಯಾವ ಕ್ಷಣದಲ್ಲಾದರೂ ಪೂರ್ತಿ ಹತ್ತಬಹುದು.

ಹೊಸ ಇಗ್ನೈಟರ್ ಎರಡು ಬಾರಿ ಸರಿಯಾಗಿ ಉರಿದ ಮೇಲೂ ಮೋಟಾರ್ ಹತ್ತದಿದ್ದರೆ ಆ ಮೋಟಾರ್ ಪಕ್ಕಕ್ಕೆ. ಕಡ್ಡಿ ಹಾಕಿ ಕೆರೆಯುವುದು, ಬತ್ತಿ ಇಟ್ಟು ಹಚ್ಚುವುದು ಬೇಡ. ಹೊಲದಲ್ಲಿ ಸುಡಬೇಡಿ, ಕಸದ ಗಾಡಿಗೂ ಹಾಕಬೇಡಿ. ಕೊಟ್ಟವರಿಗೇ ವಾಪಸ್ ಕೊಡಿ.

ರಾಡ್ ಮೇಲೆ ತಡವರಿಸಿ, ನಿಧಾನಕ್ಕೆ ಎದ್ದು ಹೋಗುತ್ತದೆ

ಫೋಟೊ ತೆಗೆದ ಮೇಲೆ ಮೊದಲು ರಾಡ್ ಒರೆಸಿ. ಹಿಂದಿನ ಹಾರಾಟದ ಮಸಿ ಅಂಟಂಟಾಗಿ ಕೂತಿರುತ್ತದೆ, ಮಳೆಗಾಲ ಕಳೆದ ಮೇಲೆ ತುಕ್ಕೂ ಸೇರಿರುತ್ತದೆ. ಸ್ಯಾಂಡ್ ಪೇಪರ್ ಹಾಕಿ, ಒಣ ಬಟ್ಟೆಯಲ್ಲಿ ಉಜ್ಜಿ. ಆಮೇಲೆ ಮೋಟಾರ್ ಇಲ್ಲದ ರಾಕೆಟ್ಟನ್ನು ರಾಡ್ ಮೇಲಿಂದ ಕೆಳಗೆ ಬಿಡಿ. ತನ್ನ ಭಾರಕ್ಕೇ ಜಾರಿ ಇಳಿಯಬೇಕು. ಎಲ್ಲಾದರೂ ಹಿಡಿದರೆ ಎರಡು ಲಾಂಚ್ ಲಗ್‌ಗಳು (ರಾಡ್ ತೂರಲು ಕೊಳವೆಗೆ ಅಂಟಿಸುವ ಚಿಕ್ಕ ನಳಿಕೆಗಳು) ಒಂದೇ ಗೆರೆಯಲ್ಲಿಲ್ಲ. ತಂಪು ಪಾನೀಯದ ಸ್ಟ್ರಾ ಅಂಟಿಸುವುದು ಚಿಕ್ಕ ರಾಕೆಟ್‌ಗೆ ಸಾಕು, ಈ ಅಳತೆಗೆ ಬೇಡ. ರಾಡ್ ಕೂಡ 5ರಿಂದ 6 ಮಿಲಿಮೀಟರ್ ದಪ್ಪ ಬೇಕು. ತೆಳು ರಾಡ್ ರಾಕೆಟ್ ಬಿಡುವಾಗ ಬಾಗಿ ಚಾವಟಿಯ ಹಾಗೆ ಬೀಸುತ್ತದೆ. ಪ್ಯಾಡ್ ತಳಕ್ಕೆ ನಮ್ಮ ಕಡೆ ಸುಲಭದ ಉಪಾಯ ಇದೆ: ಮಿಕ್ಕಿದ ಶಹಾಬಾದ್ ಕಲ್ಲಿನ ತುಂಡು. ಭಾರ ಇರುತ್ತದೆ, ಅಲುಗುವುದಿಲ್ಲ. ಅದರ ಮೇಲೆ ಮಾತ್ರ ಒಂದು ತಗಡು ಹಾಕಿ, ಬೆಂಕಿಯ ಬಿಸಿಗೆ ಕಲ್ಲು ಚಕ್ಕೆ ಏಳಬಹುದು.

ರಾಡ್ ಸರಿ ಇದ್ದೂ ನಿಧಾನ ಆದರೆ ತಕ್ಕಡಿ ತನ್ನಿ. ತಳ್ಳು ಬಲ ರಾಕೆಟ್ ಭಾರದ ಐದು ಪಟ್ಟಾದರೂ ಇರಬೇಕು. 500 ಗ್ರಾಂ ರಾಕೆಟ್‌ನ ಭಾರ ಸುಮಾರು 4.9 ನ್ಯೂಟನ್, ಐದು ಪಟ್ಟು ಅಂದರೆ 25 ನ್ಯೂಟನ್. ಅದಕ್ಕೆ ಸರಾಸರಿ 15 ನ್ಯೂಟನ್‌ನ ಮೋಟಾರ್ ಹಾಕಿದರೆ ಮೂರು ಪಟ್ಟು ಮಾತ್ರ ಆಯಿತು. ಮನೆಯಲ್ಲಿ ಮಾಡಿದ ರಾಕೆಟ್ ಯಾವಾಗಲೂ ಅಂದಾಜಿಗಿಂತ ಭಾರ. ಅಂಟು, ಪೇಂಟು, "ಇರಲಿ ಬಿಡು" ಅಂತ ಹಾಕಿದ ಎರಡನೇ ಕೋಟು ಎಲ್ಲಾ ಸೇರುತ್ತದೆ. ಹಾರಿಸುವ ಮುಂಚೆ ಪ್ಯಾರಾಚೂಟ್, ಮೋಟಾರ್ ಸಮೇತ ತೂಗಿದ ಅಂಕಿಯನ್ನೇ ನಂಬಿ.

ಎದ್ದ ಕೂಡಲೇ ಗಾಳಿ ಬರುವ ಕಡೆಗೆ ತಿರುಗಿ ಅಡ್ಡ ಓಡುತ್ತದೆ

ಇದು ಅಸ್ಥಿರ ರಾಕೆಟ್ ಅಲ್ಲ, ಅದರ ಉಲ್ಟಾ. ಫಿನ್ ದೊಡ್ಡದಾಗಿ, ತಲೆ ಭಾರವಾಗಿ, ಏರುವ ವೇಗ ಕಡಿಮೆಯಾದಾಗ ಹೀಗಾಗುತ್ತದೆ. ಅಗ್ಗದ ಪರಿಹಾರ ಸಮಯ ಬದಲಿಸುವುದು. ಬೆಳಿಗ್ಗೆ ಬಿಸಿಲೇರುವ ಮುಂಚೆ ನಮ್ಮ ಬಯಲಲ್ಲಿ ಗಾಳಿ ಕಡಿಮೆ. ಹನ್ನೊಂದರ ಮೇಲೆ ಕಾದ ನೆಲದಿಂದ ಸುಂಟರಗಾಳಿ ಏಳಲು ಶುರುವಾಗುತ್ತದೆ, ಆಷಾಢದ ಗಾಳಿಯಲ್ಲಂತೂ ಪೆಟ್ಟಿಗೆ ತೆಗೆಯಬೇಡಿ. ಆಮೇಲೆ ಉದ್ದ ರಾಡ್, ಅದರ ಮೇಲೆ ಜೋರಾದ ಮೋಟಾರ್. ರಾಡ್ ಬಿಡುವ ಹೊತ್ತಿಗೆ ಸೆಕೆಂಡಿಗೆ 13ರಿಂದ 15 ಮೀಟರ್ ವೇಗ ಬಂದಿದ್ದರೆ ಫಿನ್‌ಗಳು ಕೆಲಸ ಮಾಡುತ್ತವೆ.

ಎದ್ದು ಲಾಗ ಹಾಕುತ್ತದೆ, ಎತ್ತೆತ್ತಲೋ ನುಗ್ಗುತ್ತದೆ

ಇದು ಮಾತ್ರ ನಿಜವಾದ ಅಪಾಯ. ಬಾಲ ಕಟ್ಟದ ಗಾಳಿಪಟದ ಹಾಗೆ ಸುತ್ತುವ ರಾಕೆಟ್ ಯಾರ ಕಡೆಗಾದರೂ ಬರಬಹುದು. ಒಮ್ಮೆ ಹೀಗಾದರೆ ಆ ದಿನ ಅದೇ ರಾಕೆಟ್ ಮತ್ತೆ ಹಾರಿಸಬೇಡಿ. "ಈ ಸಲ ಸರಿ ಹೋಗ್ತದ" ಅನ್ನುವವರನ್ನು ಕೇಳಬೇಡಿ.

ಕಾರಣ ತೂಕದ ಹಂಚಿಕೆ. ರಾಕೆಟ್‌ನ ಭಾರ ತೂಗುವ ಬಿಂದು ಮುಂದೆ ಇರಬೇಕು, ಗಾಳಿಯ ಒತ್ತಡ ಕೂಡುವ ಬಿಂದು ಹಿಂದೆ ಇರಬೇಕು. ನಡುವಿನ ಅಂತರ ಕನಿಷ್ಠ ಕೊಳವೆಯ ಒಂದು ವ್ಯಾಸದಷ್ಟು. ಮಿಡ್-ಪವರ್ ಮೋಟಾರ್ ಚಿಕ್ಕದಕ್ಕಿಂತ ಸಾಕಷ್ಟು ಭಾರ, ಅದೂ ಬಾಲದಲ್ಲೇ. ಖಾಲಿ ರಾಕೆಟ್ ಚೆನ್ನಾಗಿ ತೂಗುತ್ತಿತ್ತು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ದಾರದ ಪರೀಕ್ಷೆ ಮಾಡಿ, ಖರ್ಚಿಲ್ಲ. ಉರಿದು ಖಾಲಿಯಾದ ಮೋಟಾರ್ ಕವಚದಲ್ಲಿ ಜೇಡಿಮಣ್ಣು ತುಂಬಿ ಹೊಸ ಮೋಟಾರ್‌ನಷ್ಟೇ ತೂಕ ಬರಿಸಿ. ಪ್ಯಾರಾಚೂಟ್ ಸಮೇತ ರಾಕೆಟ್ ಜೋಡಿಸಿ, ಸಮ ತೂಗುವ ಜಾಗಕ್ಕೆ ಎರಡು ಮೂರು ಮೀಟರ್ ದಾರ ಕಟ್ಟಿ, ಟೇಪ್ ಹಾಕಿ. ಬಯಲಲ್ಲಿ ನಿಂತು ತಲೆಯ ಮೇಲೆ ಸುತ್ತ ಬೀಸಿ. ಮೂತಿ ಮುಂದೆ ಮಾಡಿ ಹೋದರೆ ಸರಿ. ಅಡ್ಡಡ್ಡ ಅಥವಾ ಬಾಲ ಮುಂದಾಗಿ ಹೋದರೆ ನೋಸ್ ಕೋನ್ ಒಳಗೆ ಸ್ವಲ್ಪ ಎಂ-ಸೀಲ್ ಮೆತ್ತಿ ಮತ್ತೆ ಬೀಸಿ. ಚಿಕ್ಕ ಚಿಕ್ಕ ಉಂಡೆ ಹಾಕುತ್ತಾ ಹೋಗಿ. ತೂಕ ಹೆಚ್ಚಿದಂತೆ ಆ ಐದು ಪಟ್ಟಿನ ಲೆಕ್ಕ ಮತ್ತೊಮ್ಮೆ ನೋಡಬೇಕು. ತಲೆಗೆ ಭಾರ ಹಾಕಿ ಹಾಕಿ ಮೋಟಾರ್‌ಗೆ ಮೀರಿದರೆ ಫಿನ್ ದೊಡ್ಡದು ಮಾಡುವುದೇ ದಾರಿ. ಕಂಪ್ಯೂಟರ್ ಇದ್ದವರು ಓಪನ್‌ರಾಕೆಟ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಅಳತೆ ಹಾಕಿದರೆ ಎರಡೂ ಬಿಂದು ಅದೇ ತೋರಿಸುತ್ತದೆ. ಆದರೆ ಅದಕ್ಕೆ ನೀವು ಕೊಟ್ಟ ತೂಕ ನಿಜವಾದ ತೂಕ ಆಗಿರಬೇಕು ಅಲ್ವಾ?

ಅಕಸ್ಮಾತ್ ಹಾರಿದ ಮೇಲೆ ಒಂದು ಫಿನ್ ಕಡಿಮೆ ಇದ್ದು, ಮುರಿದ ತುಂಡು ಪ್ಯಾಡ್ ಹತ್ತಿರವೇ ಬಿದ್ದಿದ್ದರೆ ಕತೆ ಬೇರೆ. ಸ್ಥಿರತೆ ಸರಿ ಇತ್ತು, ಅಂಟು ಬಿಟ್ಟಿದೆ.

ಫಿನ್ ಕಿತ್ತು ಬಂದಿದೆ, ಅಥವಾ ರಾಕೆಟ್ ಗಿರಗಿರ ತಿರುಗುತ್ತಾ ಏರುತ್ತದೆ

ಕಿತ್ತ ಜಾಗ ನೋಡಿ. ಕೊಳವೆಯ ಕಾಗದದ ಪದರ ಫಿನ್ ಜೊತೆ ಎದ್ದು ಬಂದಿದ್ದರೆ ಅಂಟು ಗಟ್ಟಿ ಇತ್ತು, ಕೊಳವೆ ಮೇಲ್ಪದರ ಸಡಿಲ. ಎರಡೂ ಕಡೆ ನುಣುಪಾಗಿದ್ದರೆ ಅಂಟೇ ಹಿಡಿದಿಲ್ಲ, ಉಜ್ಜದೆ ಅಂಟಿಸಿದ್ದು. ಫಿನ್ ನಡುವೆ ಎಳೆ ಗುಂಟ ಸೀಳಿದ್ದರೆ ಮರದ ಎಳೆಯ ದಿಕ್ಕು ತಪ್ಪಿದೆ. ಎಳೆ ಫಿನ್‌ನ ಮುಂದಿನ ಅಂಚಿಗೆ ಸಮವಾಗಿರಬೇಕು. ಈ ಶಕ್ತಿಗೆ 3 ಮಿಲಿಮೀಟರ್ ಪ್ಲೈವುಡ್ ಒಳ್ಳೆಯದು. ಫಿನ್ ಬುಡವನ್ನು ಕೊಳವೆಯೊಳಗೆ ತೂರಿಸಿ ಮೋಟಾರ್ ಕೂರುವ ಒಳ ನಳಿಕೆಗೇ ಅರಾಲ್ಡೈಟ್ ಹಚ್ಚಿ ಅಂಟಿಸಿ.

ತಿರುಗುವುದಕ್ಕೆ ಫಿನ್ ಓರೆ ಕಾರಣ. ಕೆಳಗಿನಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಗೊತ್ತಾಗುತ್ತದೆ. ಸ್ವಲ್ಪ ತಿರುಗಿದರೆ ಎತ್ತರ ಕಡಿಮೆಯಾಗುತ್ತದೆ ಅಷ್ಟೇ, ಬೇರೇನೂ ಇಲ್ಲ.

ಪ್ಯಾರಾಚೂಟ್ ತೆರೆಯಲಿಲ್ಲ, ನೆಟ್ಟಗೆ ಬಂದು ನೆಲಕ್ಕೆ ನಾಟಿತು

ಎರೆ ಹೊಲದಲ್ಲಿ ನಾಟಿದ ರಾಕೆಟ್ಟನ್ನು ಓಡಿ ಹೋಗಿ ಕಿತ್ತು ತೆಗೆಯುವ ಆಸೆ ಎಲ್ಲರಿಗೂ. ತಡೆಯಿರಿ. ಹೊರದಬ್ಬುವ ಮದ್ದು ಇನ್ನೂ ಸಿಡಿಯದೆ ಒಳಗೇ ಇರಬಹುದು. ಹತ್ತು ನಿಮಿಷ ಬಿಡಿ. ಆಮೇಲೆ ಎತ್ತುವಾಗಲೂ ಕೊಳವೆಯ ಎರಡು ತುದಿಯ ಎದುರಿಗೆ ಮುಖ, ಕೈ ಬೇಡ.

ಮೊದಲ ಪ್ರಶ್ನೆ: ಮೋಟಾರ್ ಒಳಗಿದೆಯಾ? ಇಲ್ಲದಿದ್ದರೆ ಉತ್ತರ ಸಿಕ್ಕಿತು. ಮದ್ದು ಸಿಡಿದಾಗ ಒತ್ತಡ ನೋಸ್ ಕೋನನ್ನು ತಳ್ಳುವ ಬದಲು ಮೋಟಾರನ್ನೇ ಹಿಂದಕ್ಕೆ ಒದ್ದಿದೆ. ಮೋಟಾರ್ ಹಿಡಿದಿಡುವ ಕೊಕ್ಕೆ ಅಥವಾ ತಿರುಪಿನ ಮುಚ್ಚಳ ಹಾಕಿ. ಮಾಸ್ಕಿಂಗ್ ಟೇಪ್ ಸುತ್ತಿ ಬಿಗಿ ಮಾಡುವುದನ್ನು ಈ ವರ್ಗದ ಮೋಟಾರ್‌ಗೆ ನಾನು ನಂಬುವುದಿಲ್ಲ.

ಮೋಟಾರ್ ಇದೆ, ಅದರ ಮೇಲ್ತುದಿಯ ಮುಚ್ಚಳ ಹಾರಿದೆ, ಕೊಳವೆ ಒಳಗೆ ಮಸಿ ಇದೆ ಅಂದರೆ ಮದ್ದು ತನ್ನ ಕೆಲಸ ಮಾಡಿದೆ. ಆದರೂ ನೋಸ್ ಕೋನ್ ಬರಲಿಲ್ಲ ಅಂದರೆ ಬಿಗಿ ಜಾಸ್ತಿ. ಪರೀಕ್ಷೆ ಸುಲಭ. ನೋಸ್ ಕೋನ್ ಹಿಡಿದು ರಾಕೆಟ್ ಎತ್ತಿ, ತಾನಾಗಿ ಬೀಳಬಾರದು. ಮೆಲ್ಲಗೆ ಕುಲುಕಿ, ಆಗ ಜಾರಿ ಬೀಳಬೇಕು. ಬೇಸಿಗೆಯಲ್ಲಿ ಸರಿಯಾಗಿ ಕೂತಿದ್ದ ಕಾಗದದ ಕೊಳವೆ ಮಳೆಗಾಲದಲ್ಲಿ ಉಬ್ಬಿ ಹಿಡಿದುಕೊಳ್ಳುತ್ತದೆ. ನೋಸ್ ಕೋನ್‌ನ ಭುಜವನ್ನು, ಅಂದರೆ ಕೊಳವೆಯೊಳಗೆ ಕೂರುವ ಭಾಗವನ್ನು, ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ಸಡಿಲಿಸಿ. ತೀರಾ ಸಡಿಲವಾದರೆ ಮಾಸ್ಕಿಂಗ್ ಟೇಪ್ ಒಂದು ಸುತ್ತು.

ಮುಚ್ಚಳ ಹಾಗೇ ಇದೆ, ಮಸಿ ಇಲ್ಲ ಅಂದರೆ ಮದ್ದು ಸಿಡಿದೇ ಇಲ್ಲ. ಅದು ಜೀವಂತ ಮೋಟಾರ್. ಒಣ ಮರಳಿನ ಬಕೆಟ್‌ನಲ್ಲಿ ನಿಲ್ಲಿಸಿ, ಮಕ್ಕಳ ಕೈಗೆ ಸಿಗದಂತೆ ದೂರ ಇಟ್ಟು, ಕೊಟ್ಟವರಿಗೆ ಫೋನ್ ಮಾಡಿ. ಮೋಟಾರ್ ಹೆಸರಿನ ಕೊನೆಯ ಅಂಕಿಯನ್ನೂ ನೋಡಿ. ಕೊನೆಯಲ್ಲಿ 0 ಇದ್ದರೆ ಅದರಲ್ಲಿ ಪ್ಯಾರಾಚೂಟ್ ಮದ್ದೇ ಇರುವುದಿಲ್ಲ, ಅದು ಎರಡು ಹಂತದ ರಾಕೆಟ್‌ನ ಕೆಳ ಹಂತಕ್ಕೆ ಮಾಡಿದ್ದು.

ನೋಸ್ ಕೋನ್ ಬಂದಿದೆ, ಪ್ಯಾರಾಚೂಟ್ ಮಾತ್ರ ಮುದ್ದೆಯಾಗಿ ಬಿದ್ದಿದೆ ಅನ್ನೋಣ. ಬಿಡಿಸಿ ನೋಡಿ. ಮಡಿಕೆಗಳ ಅಂಚು ಕಂದು ಬಣ್ಣಕ್ಕೆ ತಿರುಗಿ, ಪ್ಲಾಸ್ಟಿಕ್ ಪದರಗಳು ಒಂದಕ್ಕೊಂದು ಬೆಸೆದು, ಎಳೆದರೆ ಚರ್ ಅಂತ ಹರಿಯುತ್ತಿದ್ದರೆ ಬಿಸಿ ಅನಿಲ ನೇರ ತಾಗಿದೆ. ತಡೆಗಾಗಿ ಹಾಕುವ ಬೆಂಕಿ ಹಿಡಿಯದ ಕಾಗದ ಕಡಿಮೆಯಾಗಿದೆ. ಕೊಳವೆ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಆಳಕ್ಕೆ, ಸಡಿಲವಾಗಿ, ಗೋಡೆಗೆ ತಾಗುವಂತೆ ತುಂಬಬೇಕು. ಅದರ ಬದಲು ಹಳೇ ಪೇಪರ್ ತುರುಕಬೇಡಿ. ಅದು ಕೆಂಡವಾಗಿ ಕೆಳಗೆ ಬಂದು ಕೂಳೆಗೆ, ತೊಗರಿ ಕಟ್ಟಿಗೆ ರಾಶಿಗೆ ಬೆಂಕಿ ಇಡುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಆ ಬೆಂಕಿ ಹಿಂದೆ ಓಡಿ ಹಿಡಿಯಲು ಆಗುವುದಿಲ್ಲ. ಪ್ಯಾಡ್ ಸುತ್ತ ನೆಲ ಒದ್ದೆ ಮಾಡಿ, ಒದ್ದೆ ಗೋಣಿಚೀಲ ಎರಡು ಕೈಗೆ ಸಿಗುವಂತಿರಲಿ.

ಸುಟ್ಟಿಲ್ಲ, ಸುಮ್ನೆ ಅಂಟಿಕೊಂಡಿದೆ ಅಂದರೆ ಹಿಂದಿನ ರಾತ್ರಿ ಮಡಿಸಿಟ್ಟದ್ದು ಬಿಸಿಲಿಗೆ ಅಂಟಿದೆ. ಟಾಲ್ಕಂ ಪೌಡರ್ ಉದುರಿಸಿ, ಹಾರಿಸುವ ಮುಂಚೆಯೇ ಮಡಿಸಿ. ದಾರವನ್ನು ಪ್ಯಾರಾಚೂಟ್ ಮೇಲೆ ಬಿಗಿಯಾಗಿ ಸುತ್ತಬೇಡಿ.

ಪ್ಯಾರಾಚೂಟ್ ತೆರೆಯಿತು, ಆದರೆ ಕೊಳವೆ ಮೇಲಿನಿಂದ ಸೀಳಿದೆ

ರಾಕೆಟ್ ವೇಗದಲ್ಲಿದ್ದಾಗಲೇ ಪ್ಯಾರಾಚೂಟ್ ಬಂದಿದೆ, ದಾರ ಗರಗಸದ ಕೆಲಸ ಮಾಡಿದೆ. ಆಕಾಶದಲ್ಲಿ ಏನು ಕಂಡಿತ್ತು ಅಂತ ನೆನಪಿಸಿಕೊಳ್ಳಿ. ಇನ್ನೂ ಮೇಲೇರುತ್ತಿರುವಾಗ ತೆರೆದಿದ್ದರೆ ಕೊನೆಯ ಅಂಕಿ ಚಿಕ್ಕದು, 4ರ ಬದಲು 6 ಬೇಕು. ಮೂತಿ ಕೆಳಗೆ ಮಾಡಿ ಬೀಳುವಾಗ ತೆರೆದಿದ್ದರೆ ಅಂಕಿ ದೊಡ್ಡದು. ಅದರ ಜೊತೆ ನೋಸ್ ಕೋನ್ ಮತ್ತು ಕೊಳವೆಯನ್ನು ಕೂಡಿಸುವ ಜೋಡಣೆ ದಾರವನ್ನು ರಾಕೆಟ್ ಉದ್ದದ ಮೂರು ಪಟ್ಟಾದರೂ ಇಟ್ಟು, ತೆಳು ದಾರದ ಬದಲು ಅಗಲ ಪಟ್ಟಿ ಬಳಸಿ. ಸೀಳಿದಷ್ಟು ಕತ್ತರಿಸಿ ಹೊಸ ಅಂಚಿಗೆ ತೆಳು ಅಂಟು ಕುಡಿಸಿದರೆ ಕೊಳವೆ ಮತ್ತೆ ಕೆಲಸಕ್ಕೆ ಬರುತ್ತದೆ. ತೂಕದ ಬಿಂದು ಮಾತ್ರ ಮತ್ತೆ ನೋಡಿ.

ಪ್ಯಾಡ್ ಮೇಲೇ ಢಮ್ ಅಂತ ಸಿಡಿಯಿತು

ಈಗ, ಎಲ್ಲಾ ಮುಗಿದ ಮೇಲೆ, ಮೋಟಾರ್ ಸರದಿ. ಬೆಂಕಿ ಇದೆಯಾ ನೋಡಿ, ಆರಿಸಿ, ತಣ್ಣಗಾಗಲು ಬಿಡಿ.

ಕಪ್ಪು ಮದ್ದಿನ ಮೋಟಾರ್‌ಗೆ ನಮ್ಮ ಊರಿನ ಬಿಸಿಲೇ ದೊಡ್ಡ ಶತ್ರು. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 43 ಡಿಗ್ರಿ ಸಾಮಾನ್ಯ, ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಒತ್ತಿ ತುಂಬಿದ ಮದ್ದು ಮತ್ತು ಹೊರಗಿನ ಕಾಗದದ ಕವಚ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದಿಲ್ಲ. ಕಾದು ತಣಿದು ಕಾದು ತಣಿದು ನಡುವೆ ಸಂದು ಬೀಳುತ್ತದೆ, ಅಥವಾ ಮದ್ದೇ ಬಿರುಕು ಬಿಡುತ್ತದೆ. ಹೊತ್ತಿಸಿದಾಗ ಬೆಂಕಿ ಆ ಸಂದಿನೊಳಗೆ ನುಗ್ಗಿ ಒಂದೇ ಸಲ ಜಾಸ್ತಿ ಮದ್ದು ಉರಿಯುತ್ತದೆ, ಒತ್ತಡ ತಡೆಯದೆ ಸಿಡಿಯುತ್ತದೆ. ಹೊರಗಿನಿಂದ ನೋಡಿದರೆ ಇದು ಕಾಣುವುದಿಲ್ಲ. ಕೆಳಗೆ ಬಿದ್ದ ಮೋಟಾರ್‌ಗೂ ಇದೇ ಅಪಾಯ. ಆದ್ದರಿಂದ ಕಾರಲ್ಲಿ ಮರೆತದ್ದು, ಕೈಜಾರಿ ಬಿದ್ದದ್ದು ಎರಡನ್ನೂ ಹಾರಿಸಬೇಡಿ. ಮನೆಯ ತಂಪಾದ, ಒಣ ಮೂಲೆಯಲ್ಲಿ ಬೀಗ ಹಾಕಿಡಿ, ಹೊಲಕ್ಕೆ ಒಯ್ಯುವಾಗ ನೆರಳಿನಲ್ಲಿ ದಪ್ಪ ಪೆಟ್ಟಿಗೆಯೊಳಗಿರಲಿ.

ಉಳಿದದ್ದನ್ನು ನೋಡಿ. ಕವಚ ಉದ್ದಕ್ಕೆ ಸೀಳಿದ್ದರೆ ಒತ್ತಡ ಮೀರಿದ್ದು. ಕವಚ ಸರಿ ಇದ್ದು ಹಿಂದಿನ ನಾಜಲ್ ಮಾತ್ರ ಇಲ್ಲದಿದ್ದರೆ ನಾಜಲ್ ಕಿತ್ತು ಹೋಗಿದೆ. ಎದ್ದ ಕೂಡಲೇ ನೋಸ್ ಕೋನ್ ಹಾರಿ ಪ್ಯಾರಾಚೂಟ್ ಸುಟ್ಟಿದ್ದರೆ ಮೇಲ್ತುದಿ ಕಿತ್ತಿದೆ. ಯಾವುದೇ ಆದರೂ ನಿಮ್ಮ ಕೆಲಸ ಒಂದೇ: ಅದೇ ಪೊಟ್ಟಣದ, ಅದೇ ತಾರೀಖಿನ ಉಳಿದ ಮೋಟಾರ್‌ಗಳನ್ನು ಎತ್ತಿಟ್ಟು, ಫೋಟೊ ಸಮೇತ ಕೊಟ್ಟವರಿಗೆ ತಿಳಿಸುವುದು. ಯಾರಿಗಾದರೂ ಸುಟ್ಟರೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿದು ಆಸ್ಪತ್ರೆಗೆ ಹೋಗಿ. ಟೂತ್‌ಪೇಸ್ಟ್, ಅರಿಶಿನ, ಇಂಕು ಏನೂ ಬೇಡ. ಕಣ್ಣಿಗೆ ಬಡಿದಿದ್ದರೆ ಉಜ್ಜದೆ ನೇರ ಆಸ್ಪತ್ರೆಗೆ. ಬೆಂಕಿ ಕೈಮೀರಿದರೆ 112.

ಎಲ್ಲಾ ಸರಿ, ಆದರೆ ತೇಲಿ ತೇಲಿ ಊರಾಚೆ ಹೋಗುತ್ತದೆ

300 ಮೀಟರ್ ಎತ್ತರದಿಂದ ಸೆಕೆಂಡಿಗೆ 5 ಮೀಟರ್‌ನಂತೆ ಇಳಿದರೆ ಒಂದು ನಿಮಿಷ. ಗಂಟೆಗೆ 20 ಕಿಲೋಮೀಟರ್ ಗಾಳಿಯಲ್ಲಿ ಆ ನಿಮಿಷಕ್ಕೆ 330 ಮೀಟರ್ ಸರಿಯುತ್ತದೆ, ಅಂದರೆ ನಿಮ್ಮ ಬಯಲು ಮುಗಿಯಿತು. ಪ್ಯಾರಾಚೂಟ್ ನಡುವೆ ತೂತು ಮಾಡಿ, ಅಥವಾ ಚಿಕ್ಕದು ಹಾಕಿ. 7 ಮೀಟರ್ ವೇಗದಲ್ಲಿ ಇಳಿದರೆ ಅದೇ ಗಾಳಿಗೆ 240 ಮೀಟರ್. ಉತ್ತು ಸಡಿಲಾದ ಎರೆ ಮಣ್ಣಿಗೆ ಆ ವೇಗ ನಡೆಯುತ್ತದೆ. ಬೀದರ್ ಜಿಲ್ಲೆಯ ಕೆಂಪು ಕಲ್ಲುನೆಲ ಆದರೆ ಫಿನ್ ಉಳಿಯುವುದಿಲ್ಲ, ಅಲ್ಲಿ ಕಡಿಮೆ ಎತ್ತರಕ್ಕೆ ಹೋಗುವ ಮೋಟಾರ್ ಹಾಕುವುದೇ ವಾಸಿ.

ತೆರೆದ ಬಾವಿಗೆ ಬಿದ್ದದ್ದನ್ನು ಇಳಿದು ತೆಗೆಯಬೇಡಿ. ವಿದ್ಯುತ್ ತಂತಿಗೆ ಸಿಕ್ಕರೆ ಬಿದಿರು, ಕಬ್ಬಿನ ಗಳ, ಒಣಗಿದೆ ಅನ್ನುವ ಕೋಲು ಯಾವುದನ್ನೂ ಎತ್ತಬೇಡಿ. ವಿದ್ಯುತ್ ಕಂಪನಿ ಜೆಸ್ಕಾಂನ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಕಂಬದ ಮೇಲಿನ ನಂಬರ್ ಹೇಳಿ. ಲೈನ್‌ಮನ್ ಬರುವ ತನಕ ಅದರ ಕೆಳಗೆ ಯಾರನ್ನೂ ನಿಲ್ಲಲು ಬಿಡಬೇಡಿ, ಪ್ಯಾರಾಚೂಟ್ ದಾರ ನೆಲದವರೆಗೆ ಜೋತು ಬಿದ್ದಿದ್ದರೆ ಅದನ್ನೂ ಮುಟ್ಟಬೇಡಿ.